ಸ್ವಾತಿ ಮಳೆಗೆ ನಲವತ್ತು ಪರ್ಸೆಂಟ್

ತಮ್ಮ ಕಸುಬಿನ ಜೊತೆಗೇ ಜಗಳ ಇರುವ ಜನ ಲೋಕದಲ್ಲಿ ಬಹಳ. ನಮ್ಮ ಓಣಿಯ ಮಿಠಾಯಿ ಅಂಗಡಿಯವರು ಚಹಾಕ್ಕೂ ಸಕ್ಕರೆ ಹಾಕಿಸಿಕೊಳ್ಳುವುದಿಲ್ಲ. ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್ ಬಸ್ಸಿನ ಸೀಟಿನಲ್ಲಿ ಕೂತರೆ ವಾಂತಿ ಮಾಡಿಕೊಳ್ಳುತ್ತಾರೆ. ಸ್ಟೇರಿಂಗ್ ಕೈಯಲ್ಲಿದ್ದಾಗ ಮಾತ್ರ ಹೊಟ್ಟೆ ತಮ್ಮ ಮಾತು ಕೇಳುತ್ತಿತ್ತಂತೆ. ಪರರ ಗುಟ್ಟು ಹೇಳಿದ ಮೇಲೆ ನನ್ನದನ್ನು ಮುಚ್ಚಿಡುವುದು ನ್ಯಾಯವಲ್ಲ. ನಾನು ಮೂವತ್ತಮೂರು ವರ್ಷ ಕಾಲುವೆಯ ಗೇಜು ಓದಿದವನು. ಗೇಜು ಎಂದರೆ ಕಾಲುವೆಯ ಗೋಡೆಗೆ ಬಡಿದ, ಅಂಕಿ ಬರೆದ ಪಟ್ಟಿ. ನೀರು ಯಾವ ಅಂಕಿಯವರೆಗೆ ಇದೆ ಎಂದು ನೋಡಿ ರಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಇಷ್ಟು ವರ್ಷ ನೀರಿನ ಅನ್ನ ತಿಂದ ನನಗೆ ನೀರೆಂದರೆ ಭಯ. ಸ್ನಾನದ ಬಕೀಟಿನ ನೀರು ಪರವಾಗಿಲ್ಲ. ಅದಕ್ಕಿಂತ ದೊಡ್ಡದಾದ ಯಾವ ನೀರೂ ನನ್ನ ಮೊಣಕಾಲು ದಾಟಿದ್ದಿಲ್ಲ. ಗೇಜನ್ನು ದಂಡೆಯ ಮೇಲೆ ನಿಂತೇ ಓದಬಹುದು; ಆ ಕೆಲಸ ಕಂಡುಹಿಡಿದವನೂ ನನ್ನಂಥವನೇ ಇರಬೇಕು.

ಈ ಭಯವನ್ನು ನಾನು ಬಹಳ ಗೌರವದಿಂದ ಕಾಪಾಡಿಕೊಂಡು ಬಂದಿದ್ದೆ. ಬೀಗರು ನೆಂಟರು ಬಂದಾಗ ಹಂಪಿಗೆ ಕರೆದುಕೊಂಡು ಹೋದರೆ, ಅವರು ನದಿಯಲ್ಲಿ ಮುಳುಗು ಹಾಕುತ್ತಾರೆ. ನಾನು ಮೆಟ್ಟಿಲ ಮೇಲೆ ಕೂತು ಒಂದು ಬೊಗಸೆ ನೀರು ತಲೆಗೆ ಪ್ರೋಕ್ಷಣೆ ಮಾಡಿಕೊಳ್ಳುತ್ತೇನೆ. ಪ್ರೋಕ್ಷಣೆಗೂ ಅಷ್ಟೇ ಪುಣ್ಯ ಎಂಬ ಶಾಸ್ತ್ರವನ್ನು ನಾನೇ ರಚಿಸಿ ನಾನೇ ಪ್ರಚಾರ ಮಾಡಿದ್ದೇನೆ. ಅವರು ಹರಿಗೋಲು ಹತ್ತಿದರೆ, 'ಯಾರಾದರೂ ಚಪ್ಪಲಿ ಕಾಯಬೇಕಲ್ಲ' ಎಂದು ದಡದಲ್ಲಿ ಉಳಿಯುತ್ತೇನೆ. ನಮ್ಮ ಬಳಗದಲ್ಲಿ ನನ್ನಷ್ಟು ಚಪ್ಪಲಿ ಕಾದವರು ಇನ್ನೊಬ್ಬರಿಲ್ಲ.

ಹೀಗಿದ್ದ ನನ್ನ ಕೊರಳಿಗೆ ಒಂದು ಈಜುಕೊಳ ಬಂದು ಬಿತ್ತು. ನನ್ನ ಹೆಂಡತಿ ಪದ್ಮಾಳ ತಮ್ಮ ವೆಂಕಟೇಶ ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವನು. ಕಮಲಾಪುರದ ರಸ್ತೆಯಲ್ಲಿ ಜಾಗ ಹಿಡಿದು, ಹಂಪಿ ನೋಡಲು ಬರುವವರಿಗಾಗಿ ಎಂಟು ಕೋಣೆ ಕಟ್ಟಿಸಿದ. ಎಂಟು ಕೋಣೆಗೆ ರೆಸಾರ್ಟ್ ಎಂದು ಬೋರ್ಡು ಹಾಕಿದ ಮೇಲೆ ಈಜುಕೊಳ ಇಲ್ಲದೆ ಆಗುತ್ತದೆಯೇ? ಅದನ್ನೂ ಕಟ್ಟಿಸಿದ. ಅದು ಉಪ್ಪುನೀರಿನ ಕೊಳ. ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನ ಕಡೆ ನೋಡಿದರು. "ಭಾವಾ, ಜನ್ಮ ಎಲ್ಲಾ ನೀರಿನ ಕೆಲಸಾನ ಮಾಡೀರಿ. ನಿಮ್ಮನ್ನ ಬಿಟ್ಟು ಇನ್ಯಾರ್ನ ಹುಡುಕ್ಲಿ?" ಎಂದ ವೆಂಕಟೇಶ. ನಿವೃತ್ತನಾಗಿ ಮನೆಯಲ್ಲಿ ಗಡಿಯಾರ ನೋಡುತ್ತಾ ಕೂತಿದ್ದ ನನಗೆ ಒಳಗೊಳಗೇ ಖುಷಿಯಾಯಿತು. ಕೊಳವನ್ನೂ ದಂಡೆಯ ಮೇಲೆ ನಿಂತೇ ನೋಡಿಕೊಳ್ಳಬಹುದಲ್ಲ.

ಆದರೆ ಕೊಳದ ನಿಜವಾದ ಫಲಾನುಭವಿ ಪದ್ಮಾ. ಮೂರು ವರ್ಷದಿಂದ ಅವಳಿಗೆ ಮಂಡಿ ನೋವು. ದೇವರ ಮನೆಯಲ್ಲಿ ಕೂತವಳು ಏಳಬೇಕಾದರೆ ಪಕ್ಕದ ಗೋಡೆಗೆ ಕೈ ಊರಿ, ಒಂದು ಸಲ 'ಶ್ರೀಹರೀ' ಎಂದು, ತಡೆದು, ಇನ್ನೊಂದು ಸಲ 'ಶ್ರೀಹರೀ' ಎಂದು ಏಳುತ್ತಿದ್ದಳು. ಅರಿಶಿನದ ಕೈ. ದಿನಾ ಅದೇ ಜಾಗಕ್ಕೆ ಊರಿ ಊರಿ ಸುಣ್ಣದ ಗೋಡೆಯ ಮೇಲೆ ಹಳದಿ ಅಂಗೈ ಗುರುತು ಕೂತುಬಿಟ್ಟಿತ್ತು. ನಾನು ಗೇಜು ಓದಿದವನಲ್ಲವೆ, ಆ ಗುರುತಿನ ಬಣ್ಣ ಗಾಢವಾಗುತ್ತಾ ಹೋದದ್ದನ್ನು ಗಮನಿಸುತ್ತಿದ್ದೆ. ಹೊಸಪೇಟೆಯ ಎಲುಬಿನ ಡಾಕ್ಟರು, "ಅಮ್ಮಾ, ನೆಲದ ಮ್ಯಾಲೆ ನಡದ್ರ ಮಂಡಿ ಸವೀತಾವ, ನೀರಾಗ ನಡೀರಿ, ಗಟ್ಟಿ ಆಗ್ತಾವ" ಎಂದರು. ಪದ್ಮಾಳಿಗೂ ಈಜು ಬಾರದು. ಆದರೆ ಅವಳಿಗೆ ಭಯ ಇಲ್ಲ, ಅನುಮಾನ ಇದೆ. ಎರಡೂ ಬೇರೆ ಎಂದು ನನಗೆ ಆಮೇಲೆ ತಿಳಿಯಿತು.

"ನಾ ಇಳೀತೀನಿ. ನೀವೂ ಇಳೀಬೇಕು" ಎಂದಳು ಮೊದಲ ದಿನವೇ. ನಾನು, ದಂಡೆಯ ಮೇಲೆ ಒಬ್ಬರು ನಿಂತು ಯಂತ್ರ ನೋಡದಿದ್ದರೆ ಆಗುವ ಅನಾಹುತಗಳನ್ನು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು ಒಂದು ಕರಾರು ಹಾಕಿದಳು. "ಆಯ್ತು. ನೀರಿನ ಜವಾಬ್ದಾರಿ ನಿಮ್ಮದು. ಆದ್ರ ಯಾವತ್ತು ನನಗ ನೀರಿನ ಮ್ಯಾಲೆ ಅನುಮಾನ ಬರ್ತದ, ಅವತ್ತು ನೀವು ಮೊದಲು ಇಳೀಬೇಕು. ಛಲೋ ಅದ ಅಂತ ಹೇಳೂದು ನೀವಲ್ಲ? ಹೇಳಿದಾವ್ರು ಮೊದಲು ಇಳೀಲಿ." ಒಪ್ಪಿಕೊಂಡೆ. ಒಪ್ಪದಿದ್ದರೆ ಅವಳು ಇಳಿಯುತ್ತಿರಲಿಲ್ಲ, ಗೋಡೆಯ ಹಳದಿ ಹೋಗುತ್ತಿರಲಿಲ್ಲ. ಹೀಗೆ ನನ್ನ ಮಾನವೂ ಅವಳ ಮಂಡಿಯೂ ಒಂದು ಉಪ್ಪಿನ ಯಂತ್ರಕ್ಕೆ ಜೋತುಬಿದ್ದವು.

ಯಂತ್ರದ ಬಗ್ಗೆ ಸ್ವಲ್ಪ ಹೇಳಬೇಕು. ಕೊಳದ ನೀರಿಗೆ ಉಪ್ಪು ಹಾಕಿರುತ್ತಾರೆ, ಸಮುದ್ರದಷ್ಟಲ್ಲ, ಕಣ್ಣೀರಿಗಿಂತಲೂ ಕಡಿಮೆ. ಆ ನೀರು ಒಂದು ಡಬ್ಬಿಯ ಮೂಲಕ ಹಾದು ಹೋಗುವಾಗ ಒಳಗಿನ ತಗಡುಗಳಲ್ಲಿ ಕರೆಂಟು ಹರಿದು, ಉಪ್ಪಿನಿಂದಲೇ ಕ್ಲೋರಿನ್ ಹುಟ್ಟುತ್ತದೆ. ಅದು ಕೊಳೆ, ಪಾಚಿಗಳ ಜೊತೆ ಗುದ್ದಾಡಿ ಮತ್ತೆ ಉಪ್ಪಾಗುತ್ತದೆ. ಎಷ್ಟು ಹುಟ್ಟಬೇಕು ಎಂದು ಹೇಳಲು ಡಬ್ಬಿಯ ಮೇಲೆ ಸೊನ್ನೆಯಿಂದ ನೂರರವರೆಗೆ ಪರ್ಸೆಂಟ್ ಇರುತ್ತದೆ, ಏರಿಸಲು ಒಂದು ಗುಂಡಿ, ಇಳಿಸಲು ಒಂದು ಗುಂಡಿ. ನೋಡಿದ ತಕ್ಷಣ ನನಗೆ ಇದು ಕಾಲುವೆಯ ಗೇಟೇ ಅನ್ನಿಸಿತು. ಬೇಕಾದಾಗ ಎತ್ತುವುದು, ಬೇಡವಾದಾಗ ಇಳಿಸುವುದು. ಪದ್ಮಾಳಿಗೆ ಇದನ್ನೆಲ್ಲ ವಿವರಿಸಿದಾಗ ಅವಳು ಹಿಡಿದುಕೊಂಡದ್ದು ಒಂದೇ ಮಾತು. "ಉಪ್ಪಿನ್ಯಾಗಿಂದ ಬಂದದ್ದಲ್ಲ? ಹಂಗಾದ್ರ ಅಡ್ಡಿ ಇಲ್ಲ" ಎಂದು, ಸಮುದ್ರಸ್ನಾನದ ಸಂಕಲ್ಪ ಮಾಡಿ, ತಮ್ಮ ತರಿಸಿಕೊಟ್ಟ ಮಂಡಿ ಮುಚ್ಚುವ ಈಜುಡುಗೆಯಲ್ಲಿ ಇಳಿದೇಬಿಟ್ಟಳು. ಬೆಳಗ್ಗೆ ಏಳು ಗಂಟೆಗೆ, ಗಿರಾಕಿಗಳು ಏಳುವ ಮೊದಲು, ಕಂಬಿ ಹಿಡಿದು ಹತ್ತು ಸುತ್ತು. ನಾನು ದಂಡೆಯ ಮೇಲೆ ಕುರ್ಚಿ ಹಾಕಿಕೊಂಡು, ಅವಳ ಚಪ್ಪಲಿಯನ್ನು ಕುರ್ಚಿಯ ಕೆಳಗೆ ಇಟ್ಟುಕೊಂಡು, ರಜಿಸ್ಟರ್ ಬರೆಯುತ್ತಿದ್ದೆ.

ಕೈಪಿಡಿಯಲ್ಲಿ 'ಬೇಸಿಗೆಯಲ್ಲಿ ಹೆಚ್ಚು, ಚಳಿಗಾಲದಲ್ಲಿ ಕಡಿಮೆ' ಎಂದು ಎರಡೇ ಸಾಲು ಇತ್ತು. ಬರೆದವರು ನಮ್ಮ ಕಡೆಯ ಬಿಸಿಲು ಕಂಡವರಲ್ಲ. ನಮ್ಮಲ್ಲಿ ಯುಗಾದಿ ಹೊತ್ತಿಗೆ ಬೆಳಗ್ಗೆ ಹುಟ್ಟಿದ ಕ್ಲೋರಿನ್ನನ್ನು ಮಧ್ಯಾಹ್ನದ ಬಿಸಿಲು ಪೂರ್ತಿ ನುಂಗಿ ತೇಗುತ್ತದೆ. ಐವತ್ತಕ್ಕೆ ಇಟ್ಟರೆ ನೀರು ಮಂಕಾಗುತ್ತಿತ್ತು, ತೊಂಬತ್ತಕ್ಕೆ ಇಟ್ಟರೆ ಪದ್ಮಾ ಕಣ್ಣು ಉಜ್ಜಿಕೊಳ್ಳುತ್ತಿದ್ದಳು. ಅವಳು ಕಣ್ಣು ಉಜ್ಜಿಕೊಂಡಾಗಲೆಲ್ಲ ನನಗೆ ಕರಾರು ನೆನಪಾಗುತ್ತಿತ್ತು. ತಿಂಗಳಿನ ಲೆಕ್ಕದಲ್ಲಿ ಪಟ್ಟಿ ಮಾಡಿದೆ, ಹೊಂದಲಿಲ್ಲ. ಮೇ ತಿಂಗಳ ಮೊದಲ ವಾರವೇ ಬೇರೆ, ಕೊನೆಯ ವಾರವೇ ಬೇರೆ. ಕೊಳದಲ್ಲಿ ಬಲೆ ಆಡಿಸಿ ಎಲೆ ತೆಗೆಯುವ ಕೆಲಸ ಹುಲುಗಪ್ಪನದು. ಕಂಪ್ಲಿ ಕಡೆಯವನು, ಎರಡು ಎಕರೆ ಭತ್ತದ ಗದ್ದೆ ಉಂಟು, ನನಗಿಂತ ಹತ್ತು ವರ್ಷ ಚಿಕ್ಕವನು, ಬುದ್ಧಿಯಲ್ಲಿ ಹತ್ತು ವರ್ಷ ದೊಡ್ಡವನು. ನನ್ನ ಪಟ್ಟಿಯನ್ನು ಅವನು ಬಹಳ ಹೊತ್ತು ನೋಡಿದ.

"ಸಾರ್, ಈ ಇಂಗ್ಲಿಷ್ ತಿಂಗ್ಳು ಬಿಟ್ಟುಬಿಡ್ರಿ. ಮಳಿ ಲೆಕ್ಕ ಹಿಡೀರಿ. ಭರಣಿ, ಕೃತ್ತಿಕಾ, ರೋಣಿ. ಒಂದೊಂದು ಮಳಿಗೂ ಬಿಸ್ಲು ಬ್ಯಾರೇನ ಇರತೈತ್ರಿ."

ನಾನು ನಕ್ಕೆ. ನಕ್ಕವನು ಮನೆಗೆ ಬಂದು ಪಂಚಾಂಗ ತೆಗೆದೆ. ಯೋಚಿಸಿದರೆ ಅವನ ಮಾತಿನಲ್ಲಿ ಅರ್ಥವಿತ್ತು. ಮಳೆ ನಕ್ಷತ್ರ ಎಂದರೆ ಸೂರ್ಯ ಒಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನ. ಕ್ಲೋರಿನ್ ತಿನ್ನುವವನು ಯಾರು? ಅದೇ ಸೂರ್ಯ. ಹಾಗಾದರೆ ಅವನ ಓಡಾಟದ ಲೆಕ್ಕ ಹಿಡಿಯುವುದಕ್ಕಿಂತ ಒಳ್ಳೆಯ ಲೆಕ್ಕ ಯಾವುದಿದೆ? ಹಳೆಯ ಉದ್ದನೆಯ ರಜಿಸ್ಟರ್ ತೆಗೆದು ಗೆರೆ ಎಳೆದೆ. ಅಶ್ವಿನಿಗೆ ಎಪ್ಪತ್ತು, ಭರಣಿಗೆ ಎಪ್ಪತ್ತೈದು, ಕೃತ್ತಿಕಾಕ್ಕೆ ಎಂಬತ್ತೈದು. 'ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ' ಎನ್ನುತ್ತಾರೆ. ನಾನು ರೋಹಿಣಿ ಬಂದರೆ ಎಂಬತ್ತು ಎಂದು ಬರೆದೆ. ಮೃಗಶಿರಕ್ಕೆ ಎಪ್ಪತ್ತು, ಆರಿದ್ರಕ್ಕೆ ಅರವತ್ತು. ಆಶ್ಲೇಷದ ಮೋಡಕ್ಕೆ ಐವತ್ತು. ಹಸ್ತ, ಚಿತ್ತಾ ಹೊತ್ತಿಗೆ ಬಿಸಿಲು ಮತ್ತೆ ಹಲ್ಲು ಕಿರಿಯುವುದರಿಂದ ಐವತ್ತೈದು. ಸ್ವಾತಿಗೆ ನಲವತ್ತು.

ಓದುಗರು ನಂಬಬೇಕು, ಲೆಕ್ಕ ಕೂಡಿಬಂತು. ನೀರು ಸ್ಫಟಿಕದಂತೆ ಇತ್ತು. ಪರೀಕ್ಷೆಯ ಗಾಜಿನ ನಳಿಕೆಯಲ್ಲಿ ನೀರು ತುಂಬಿ ಎರಡು ಹನಿ ಔಷಧ ಹಾಕಿದರೆ ಹದವಾದ ತಿಳಿ ಹಳದಿ ಬರುತ್ತಿತ್ತು. ಬೋರ್‌ವೆಲ್ಲಿನ ಗಡಸು ನೀರಿಗೆ ತಗಡುಗಳ ಮೇಲೆ ಬಿಳಿ ಹಕ್ಕಳೆ ಕಟ್ಟಿದರೆ ಹುಲುಗಪ್ಪ ಅದನ್ನು ತೊಳೆಯುತ್ತಿದ್ದ. ಸಂಡೂರಿನ ಕಡೆಯಿಂದ ಅದಿರು ಲಾರಿ ಹೋದ ದಿನ ನೀರಿನ ಮೇಲೆ ಕುಂಕುಮ ಉದುರಿಸಿದಂತೆ ಕೆಂಪು ಪದರ ಕೂಡುತ್ತಿತ್ತು. ಅದನ್ನೂ ಅವನು ಬಲೆಯಿಂದ ಎಳೆಯುತ್ತಿದ್ದ. ನಾನು ಎಲ್ಲವನ್ನೂ ಕುರ್ಚಿಯಿಂದಲೇ ನಡೆಸುತ್ತಿದ್ದೆ. ಒಮ್ಮೆ ಪುಣೆಯ ಕಡೆಯ ಗಿರಾಕಿಯೊಬ್ಬರು ನೀರು ಇಷ್ಟು ಚೆನ್ನಾಗಿ ಹೇಗೆ ಇಡುತ್ತೀರಿ ಎಂದು ಕೇಳಿದಾಗ, 'ಈಗ ಮಘಾ ನಡೆದಿದೆ, ಐವತ್ತಕ್ಕೆ ಬಿಟ್ಟಿದ್ದೇನೆ' ಎಂದೆ. ಅವರು ಬಹಳ ಗೌರವದಿಂದ ತಲೆ ಆಡಿಸಿದರು. ವೆಂಕಟೇಶ ನನಗೆ ಗೊತ್ತಿಲ್ಲದಂತೆ ಈ ಪಟ್ಟಿಯ ಫೋಟೋ ತೆಗೆದು ತನ್ನ ಕಾರ್ಖಾನೆಯ ಗೆಳೆಯರಿಗೆಲ್ಲ ತೋರಿಸಿದ್ದನಂತೆ.

ದೀಪಾವಳಿಗೆ ಮನೆಗೆ ಸುಣ್ಣ ಹೊಡೆಸಿದೆವು. ದೇವರ ಮನೆಯ ಪಕ್ಕದ ಹಳದಿ ಅಂಗೈ ಸುಣ್ಣದ ಕೆಳಗೆ ಹೋಯಿತು. ವಾರ ಕಳೆಯಿತು, ಎರಡು ವಾರ ಕಳೆಯಿತು, ಗೋಡೆ ಬೆಳ್ಳಗೇ ಉಳಿಯಿತು. ಪದ್ಮಾ ಕೂತಲ್ಲಿಂದ ಒಂದೇ 'ಶ್ರೀಹರಿ'ಗೆ ಏಳುತ್ತಿದ್ದಳು. ಅದನ್ನು ನೋಡಿ ನಾನು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ಅಷ್ಟು ಸಂತೋಷ ನನಗೆ ನಿವೃತ್ತಿಯ ದಿನವೂ ಆಗಿರಲಿಲ್ಲ.

ಇಲ್ಲಿ ಅಡುಗೆಮನೆಯ ಒಂದು ಸಂಗತಿ ಹೇಳಬೇಕು, ಮುಂದೆ ಬೇಕಾಗುತ್ತದೆ. ನಮ್ಮ ಮನೆಗಳಲ್ಲಿ ದೇವರಿಗೆ ನೈವೇದ್ಯ ಆಗುವ ಮೊದಲು ಅಡುಗೆಯ ರುಚಿ ನೋಡುವಂತಿಲ್ಲ. ಪದ್ಮಾ ಇಷ್ಟು ವರ್ಷ ಸಾರಿಗೆ ಉಪ್ಪು ಹಾಕಿದ್ದು ಕೈ ಅಳತೆಯಲ್ಲಿ, ಹದ ನೋಡಿದ್ದು ಮೂಗಿನಲ್ಲಿ. ನೈವೇದ್ಯ ಮುಗಿದು ನನಗೆ ಬಡಿಸಿದ ಮೇಲೆ ಸೌಟು ಹಿಡಿದುಕೊಂಡೇ ನಿಂತು, "ಉಪ್ಪು ಸರಿ ಅದ ಏನ್ರೀ?" ಎಂದು ಕೇಳುತ್ತಾಳೆ. ನಾನು, "ಸರಿ ಅದ" ಎನ್ನುತ್ತೇನೆ. ಮದುವೆಯಾದ ಮರುದಿನದಿಂದ ಇದು ತಪ್ಪಿಲ್ಲ. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಎಷ್ಟೋ ದಿನ ಸಾರು ಅನ್ನದ ಮೇಲೆ ಬೀಳುವ ಮೊದಲೇ ನಾನು 'ಸರಿ ಅದ' ಎಂದಾಗಿರುತ್ತಿತ್ತು.

ಅನುರಾಧಾ ಮಳೆಗೆ ಇಪ್ಪತ್ತು ಎಂದು ಬರೆದೆ. ಅಲ್ಲಿಗೆ ನನ್ನ ಪಟ್ಟಿ ಮುಗಿಯಿತು. ಏಕೆಂದರೆ ಅಲ್ಲಿಗೆ ಮಳೆಗಳೂ ಮುಗಿಯುತ್ತವೆ. ಮುಂದೆಯೂ ನಕ್ಷತ್ರಗಳಿವೆ, ಸೂರ್ಯ ಅಲ್ಲಿಗೂ ಹೋಗುತ್ತಾನೆ, ಆದರೆ ಆ ದಿನಗಳನ್ನು ಯಾವ ರೈತನೂ ಎಣಿಸುವುದಿಲ್ಲ. "ಮುಂದ ಏನೂ ಇಲ್ರೀ ಸಾರ್, ಸುಗ್ಗಿ ಮಾಡೂದ" ಎಂದ ಹುಲುಗಪ್ಪ, ಮತ್ತು ಭತ್ತದ ಕೊಯ್ಲಿಗೆಂದು ಹದಿನೈದು ದಿನ ರಜೆ ಹಾಕಿ ಕಂಪ್ಲಿಗೆ ಹೋದ. ಮಳೆ ಇಲ್ಲ, ಬಿಸಿಲು ಇಲ್ಲ, ಗೇಟು ಇಪ್ಪತ್ತಕ್ಕೆ ಇಳಿದಿದೆ, ಇನ್ನೇನು ನೋಡುವುದು? ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕೂತು ಮುಂದಿನ ನಲವತ್ತು ದಿನಗಳ ರೀಡಿಂಗನ್ನು ಒಂದೇ ಸಲಕ್ಕೆ ಬರೆದುಬಿಟ್ಟೆ. ಇಪ್ಪತ್ತು, ನೀರು ಸ್ವಚ್ಛ. ಇಪ್ಪತ್ತು, ನೀರು ಸ್ವಚ್ಛ. ನೌಕರಿಯಲ್ಲಿದ್ದಾಗ ಇಂಥ ಕೆಲಸ ಒಂದು ದಿನವೂ ಮಾಡಿದವನಲ್ಲ ನಾನು. ಅದಕ್ಕೆ ಕಾರಣ ನನ್ನ ಪ್ರಾಮಾಣಿಕತೆ ಎಂದು ನಂಬಿದ್ದೆ. ಮೋಟರ್ ಸೈಕಲ್ಲಿನಲ್ಲಿ ಯಾವ ಹೊತ್ತಿಗೆ ಬೇಕಾದರೂ ಬಂದು ನಿಲ್ಲುತ್ತಿದ್ದ ಮೇಲಧಿಕಾರಿಗಳು ಕಾರಣ ಎಂದು ಆ ಮಧ್ಯಾಹ್ನ ಗೊತ್ತಾಯಿತು.

ನಾನು ಮರೆತದ್ದು ಒಂದೇ. ಸೂರ್ಯನಿಗೆ ರಜೆ ಇದ್ದಾಗಲೇ ಹಂಪಿಗೆ ಜನ ಬರುವುದು. ಡಿಸೆಂಬರಿನಲ್ಲಿ ಎಂಟು ಕೋಣೆಗಳೂ ಭರ್ತಿಯಾದವು. ದಿನವಿಡೀ ಕಲ್ಲು ಬಂಡೆ ಹತ್ತಿ ಇಳಿದು, ಮೈಗೆಲ್ಲ ಬಿಸಿಲಿನ ಕ್ರೀಮು ಬಳಿದುಕೊಂಡ ಜನ ಸಂಜೆ ಬಂದು, ಧೂಳು, ಬೆವರು, ಕ್ರೀಮು ಸಮೇತ ಕೊಳಕ್ಕೆ ಬೀಳುತ್ತಿದ್ದರು. ಇಪ್ಪತ್ತು ಪರ್ಸೆಂಟಿನ ಕ್ಲೋರಿನ್ ಎಷ್ಟು ಜನರ ಜೊತೆ ಗುದ್ದಾಡೀತು? ಒಂದು ಬೆಳಗ್ಗೆ ಪದ್ಮಾ ಎರಡನೇ ಸುತ್ತಿನಲ್ಲಿ ನಿಂತು ಮೂಗು ಏರಿಸಿದಳು. "ಏನೋ ಘಾಟು ವಾಸನಿ ಬರ್ಲಿಕ್ಕತ್ತದಲ್ರೀ?"

ನಳಿಕೆಯಲ್ಲಿ ನೀರು ಹಿಡಿದು ಹನಿ ಹಾಕಿದೆ. ಗಾಢ ಹಳದಿ! ಕ್ಲೋರಿನ್ ಹೆಚ್ಚಾಗಿದೆ, ಅದಕ್ಕೇ ವಾಸನೆ. ಕಾಲುವೆಯವನ ಬುದ್ಧಿ ಎಂದರೆ ಇಷ್ಟೇ: ನೀರು ಹೆಚ್ಚಾಯಿತೆಂದು ಕೆಳಗಿನಿಂದ ದೂರು ಬಂದರೆ ಗೇಟು ಇಳಿಸು. ಹದಿನೈದಕ್ಕೆ ಇಳಿಸಿದೆ. ಮರುದಿನ ವಾಸನೆ ಹೆಚ್ಚಾಯಿತು. ಹತ್ತಕ್ಕೆ ಇಳಿಸಿದೆ. ಮತ್ತೂ ಹೆಚ್ಚಾಯಿತು. ಐದಕ್ಕೆ ಇಳಿಸಿದ ದಿನ ಪದ್ಮಾ ಮೆಟ್ಟಿಲ ತನಕ ಬಂದು, ಒಂದು ಕಾಲು ಮುಂದಿಟ್ಟು, ಹಿಂದಕ್ಕೆ ತೆಗೆದಳು. "ನನಗ ಅನುಮಾನ ಬಂತು" ಎಂದಳು. ಅವಳು ನನ್ನ ಕಡೆ ನೋಡಿದಳು, ನಾನು ಯಂತ್ರದ ಕಡೆ ನೋಡಿದೆ. "ನಾಳೆ ಸರಿ ಆಗ್ತದ, ನಾಳೆ ನೋಡೋಣ" ಎಂದೆ. ಅವಳು ಒತ್ತಾಯ ಮಾಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಹೇಳಲು ನಾಚಿಕೆಯಾಗುತ್ತದೆ, ಮೊದಲ ಎರಡು ದಿನ ನನಗೆ ಹಾಯೆನಿಸಿತು. ಅವಳು ಬರದಿದ್ದರೆ ಕರಾರೂ ಇಲ್ಲ. ಆದರೆ ಹತ್ತನೇ ದಿನ ಬೆಳಗ್ಗೆ ದೇವರ ಮನೆಯ ಹತ್ತಿರ ಹೋದವನಿಗೆ ಬಿಳಿ ಗೋಡೆಯ ಮೇಲೆ ತಿಳಿಯಾಗಿ ಐದು ಹಳದಿ ಬೆರಳು ಕಂಡವು. ಒಳಗಿನಿಂದ 'ಶ್ರೀಹರೀ' ಕೇಳಿತು, ಸ್ವಲ್ಪ ತಡೆದು ಇನ್ನೊಂದು ಕೇಳಿತು. ಜನ್ಮದಲ್ಲಿ ಎಷ್ಟೋ ಗೇಜು ಓದಿದ್ದೇನೆ, ಅಷ್ಟು ನೋವು ಕೊಟ್ಟ ರೀಡಿಂಗ್ ಇನ್ನೊಂದಿಲ್ಲ. ನನ್ನ ಪುಕ್ಕಲುತನಕ್ಕೆ ಅವಳ ಮಂಡಿ ದಂಡ ಕಟ್ಟುತ್ತಿತ್ತು.

ಅಂದು ಊಟಕ್ಕೆ ಕೂತಾಗ ಎಲ್ಲವನ್ನೂ ಒಪ್ಪಿಸಿದೆ. ಮುಂಗಡ ಬರೆದಿಟ್ಟ ರಜಿಸ್ಟರ್, ಇಪ್ಪತ್ತು, ಹದಿನೈದು, ಹತ್ತು, ಐದು. ಪದ್ಮಾ ಸೌಟು ಹಿಡಿದುಕೊಂಡೇ ಕೇಳಿದಳು. ಬೈಯಲಿಲ್ಲ. "ಬಚ್ಚಲ ನಾರ್ಲಿಕ್ಕತ್ರ ಫಿನೈಲು ಜಾಸ್ತಿ ಹಾಕ್ತಾರೋ, ಕಮ್ಮಿ ಮಾಡ್ತಾರೋ?" ಎಂದಳು.

"ಆದ್ರ ಇದು ಫಿನೈಲಿನ ವಾಸನೀನ ಅಲ್ಲೇನ?"

"ಅಲ್ರೀ. ಇದು ಔಷಧದ ವಾಸನಿ ಅಲ್ಲ, ಹೊಲಸಿನ ವಾಸನಿ. ಜನ್ಮ ಎಲ್ಲಾ ಮೂಗಿನಿಂದ ಅಡಿಗಿ ಮಾಡೀನಿ. ನನಗ ಗೊತ್ತಾಗೂದಿಲ್ಲೇನು?"

ಕೈ ತೊಳೆದವನೇ ರೆಸಾರ್ಟಿಗೆ ಹೋಗಿ ಕೈಪಿಡಿ ಹುಡುಕಿದೆ. ಎರಡೇ ಸಾಲು ಎಂದು ನಾನು ಬದಿಗಿಟ್ಟಿದ್ದ ಪುಸ್ತಕದ ಹಿಂದಿನ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಎಲ್ಲ ಇತ್ತು. ಘಾಟು ವಾಸನೆ ಬಂದರೆ ಕ್ಲೋರಿನ್ ಹೆಚ್ಚಾಗಿದೆ ಎಂದಲ್ಲ, ಸಾಲದೆ ಹೋಗಿದೆ ಎಂದರ್ಥ. ಕೊಳೆಯ ಜೊತೆ ಹೊಡೆದಾಡಿ ಸುಸ್ತಾದ ಕ್ಲೋರಿನ್ ಹಾಗೆ ನಾರುತ್ತದೆ. ಗಾಜಿನ ನಳಿಕೆಯ ಹಳದಿಯೂ ಪೂರ್ತಿ ಸತ್ಯವಲ್ಲ. ಹಾಜರಿ ಪುಸ್ತಕ ಕೆಲಸ ಮಾಡುವವರನ್ನೂ ಸಹಿ ಹಾಕಿ ಹೋದವರನ್ನೂ ಒಟ್ಟಿಗೇ ಎಣಿಸುವ ಹಾಗೆ, ಅದು ದುಡಿಯುವ ಕ್ಲೋರಿನ್ನನ್ನೂ ದಣಿದ ಕ್ಲೋರಿನ್ನನ್ನೂ ಒಟ್ಟಿಗೇ ತೋರಿಸುತ್ತದೆ. ನಾನು ಗೇಟು ಇಳಿಸಿದಷ್ಟೂ ದುಡಿಯುವವರು ಕಡಿಮೆಯಾಗಿ ಸಹಿ ಹಾಕಿದವರೇ ಉಳಿದಿದ್ದರು. ವೆಂಕಟೇಶನಿಗೆ ಫೋನ್ ಮಾಡಿ ಮೂರು ದಿನ ಕೊಳ ಮುಚ್ಚಬೇಕು ಎಂದೆ. "ಭಾವಾ, ಸೀಜನ್ ಅದ! ಜನಕ್ಕ ಏನು ಹೇಳ್ಲಿ?" ಎಂದು ಗೋಳಾಡಿದ. "ನೀರಿಗೆ ಹುಷಾರಿಲ್ಲ ಅಂತ ಹೇಳು" ಎಂದೆ. ಕೊಯ್ಲು ಮುಗಿಸಿ ಬಂದಿದ್ದ ಹುಲುಗಪ್ಪ ಫಿಲ್ಟರಿನಲ್ಲಿ ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆದು, ಹೊರಗೆ ಹೋದ ನೀರಿನ ಬದಲಿಗೆ ಹೊಸ ನೀರು ತುಂಬಿಸಿದ. ನಾನು ಏರಿಸುವ ಗುಂಡಿ ಒತ್ತುತ್ತಾ ಒತ್ತುತ್ತಾ ನೂರಕ್ಕೆ ತಂದೆ. ಆಮೇಲೆ ವಾಸನೆ ಹೋಗಿ ನೀರು ಹದಕ್ಕೆ ಬಂದದ್ದು ಖಾತ್ರಿಯಾದ ಮೇಲೆ ಇಳಿಸಿ ನಲವತ್ತಕ್ಕೆ ನಿಲ್ಲಿಸಿದೆ.

ಐದನೇ ದಿನ ಬೆಳಗ್ಗೆ ತಳದ ಹೆಂಚಿನ ಗೆರೆಗಳನ್ನು ಎಣಿಸಬಹುದಾಗಿತ್ತು. ಪದ್ಮಾಳನ್ನು ಕರೆತಂದೆ. ಅವಳು ದಂಡೆಯಲ್ಲಿ ನಿಂತು ಮೂಗಿನಿಂದ ಒಮ್ಮೆ ಪರೀಕ್ಷೆ ಮಾಡಿ, ತಲೆ ಆಡಿಸಿ, ಹಾಗೇ ನಿಂತಳು.

"ಛಲೋ ಆಗ್ಯದಲ್ಲ? ಇಳಿ" ಎಂದೆ.

"ಆಗ್ಯದ. ಆದ್ರ ಅನುಮಾನ ಬಂದದ್ದು ಬಂದದ. ಕರಾರು ಕರಾರೇ."

"ಪುಸ್ತಕದಾಗ ಬರ್ದಾರ ಪದ್ಮಾ..."

"ಪುಸ್ತಕ ಇಳೀತದೇನು? ಉಪ್ಪು ತಿಂದಾವ ನೀರು ಕುಡೀಬೇಕು, ಉಪ್ಪು ಹಾಕಿದಾವ ನೀರಿಗೆ ಇಳೀಬೇಕು. ನಡೀರಿ."

ಹುಲುಗಪ್ಪ ಬಲೆ ಹಿಡಿದುಕೊಂಡು ಯಂತ್ರದ ಹತ್ತಿರ ನಿಂತು ಬೇರೆ ಕಡೆ ನೋಡುತ್ತಿದ್ದ. ವೆಂಕಟೇಶನ ಒಂದು ಹಳೆಯ ಈಜುಚಡ್ಡಿ ನನ್ನ ಕುರ್ಚಿಯ ಮೇಲೆ ಆಗಲೇ ಮಡಚಿ ಇಟ್ಟಿತ್ತು. ಗೋಡೆಯ ಮೇಲಿನ ಐದು ಬೆರಳು ನೆನಪಾದವು. ಚಡ್ಡಿ ಹಾಕಿಕೊಂಡು ಬಂದೆ. ಮೊದಲ ಮೆಟ್ಟಿಲು ಪಾದಕ್ಕೆ, ಎರಡನೆಯದು ಮೊಣಕಾಲಿಗೆ. ಅದು ನನ್ನ ಆಯುಷ್ಯದ ಗರಿಷ್ಠ ಮಟ್ಟ. ಮೂರನೆಯದಕ್ಕೆ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ನಾನೂ 'ಶ್ರೀಹರೀ' ಎಂದೆ. ಕೊನೆಯ ಮೆಟ್ಟಿಲು ಜಾರಿತು. ಒಂದು ಕ್ಷಣ ಕಿವಿಯಲ್ಲೆಲ್ಲ ನೀರು, ಬಾಯಿ ತುಂಬ ನೀರು, ಗಂಟಲಲ್ಲಿ ಒಂದು ಗುಟುಕು ನೀರು. ಅಷ್ಟರಲ್ಲಿ ಯಾರೋ ರಟ್ಟೆ ಹಿಡಿದು ಎಬ್ಬಿಸಿ ನಿಲ್ಲಿಸಿದರು. ಕಣ್ಣು ಬಿಟ್ಟರೆ ಪದ್ಮಾ. ಮಂಡಿ ನೋವಿನವಳು ಕಂಬಿ ಹಿಡಿಯದೆ, ನಾಲ್ಕೂ ಮೆಟ್ಟಿಲು ಯಾವಾಗ ಇಳಿದಳೋ ಅವಳಿಗೂ ಗೊತ್ತಿರಲಿಲ್ಲ. ನನ್ನ ಕೈ ಬಿಡದೆ ಎರಡು ಹೆಜ್ಜೆ ನಡೆಸಿದಳು. ನಾನು ಕೆಮ್ಮುತ್ತಾ ನಡೆದೆ. ನನ್ನ ಮುಖ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

"ನೀರು ಕುಡದ್ರಲ್ಲ? ಉಪ್ಪು ಸರಿ ಅದ ಏನ್ರೀ?"

"ಸರಿ ಅದ" ಎಂದೆ.

ಯಂತ್ರದ ಕಡೆಯಿಂದ ಹುಲುಗಪ್ಪ ಕೂಗಿದ. "ಸಾರ್, ಇಲ್ಲಿ ಕೆಂಪು ಲೈಟ್ ಹತ್ತೈತ್ರೀ! ಉಪ್ಪು ಭಾಳ ಕಮ್ಮಿ ಆಗೈತಿ ಅಂತ ತೋರಸ್ತೈತಿ. ಹೊಸಾ ನೀರು ಬಿಟ್ವಿ ನೋಡ್ರಿ, ಅದಕ್ಕ."

ಪದ್ಮಾಳ ನಗು ನಿಂತಿತು. ಅವಳು ನೀರಿನ ನಡುವೆ ನಿಂತು ನನ್ನನ್ನು ನೋಡಿದಳು. ಲೆಕ್ಕ ಹಾಕುತ್ತಿದ್ದಾಳೆ ಎಂದು ತಿಳಿಯಿತು. ಸಾರು, ಹುಳಿ, ಗೊಜ್ಜು, ಹಬ್ಬದ ಚಿತ್ರಾನ್ನ, ಬೀಗರ ಊಟ, ಎಲ್ಲವೂ ಅವಳ ಕಣ್ಣ ಮುಂದೆ ಹಾದುಹೋದವು. "ಹಂಗಾದ್ರ ಇಷ್ಟು ವರ್ಷ ನನ್ನ ಸಾರಿಗೆ ಹೇಳಿದ್ದು?" ಎಂದಳು. ದಂಡೆಯ ಮೇಲಿದ್ದರೆ ಫೋನ್ ಬಂತೆಂದು ಎದ್ದು ಹೋಗುತ್ತಿದ್ದೆ. ನೀರಿನಲ್ಲಿ ನಿಂತ ಮನುಷ್ಯ ಎಲ್ಲಿಗೂ ಓಡಲಾರ. ಅವಳು ಕೈ ಬೇರೆ ಹಿಡಿದಿದ್ದಳು.

ಈಗ ರಜಿಸ್ಟರ್ ಅವಳ ವಶದಲ್ಲಿದೆ. ಅನುರಾಧಾ ಆದ ಮೇಲಿನ ಖಾಲಿ ನಕ್ಷತ್ರಗಳಿಗೆಲ್ಲ ಅವಳೇ ಪರ್ಸೆಂಟ್ ತುಂಬಿದ್ದಾಳೆ. ಪಕ್ಕದಲ್ಲಿ ಎಷ್ಟು ಕೋಣೆ ಭರ್ತಿ ಎಂಬ ಹೊಸ ಸಾಲು ಎಳೆದಿದ್ದಾಳೆ. ಆ ದಿನದ ಪುಟದಲ್ಲಿ ನಾನು ಅಭಿಮಾನದಿಂದ 'ನೀರಿನ ಮಟ್ಟ: ಎದೆಯವರೆಗೆ' ಎಂದು ಬರೆದಿದ್ದೆ. ಅವಳು ಅದನ್ನು ಹೊಡೆದು 'ಸೊಂಟದವರೆಗೆ' ಎಂದು ತಿದ್ದಿ ಸಹಿ ಮಾಡಿದ್ದಾಳೆ. ದಿನಾ ಬೆಳಗ್ಗೆ ಏಳಕ್ಕೆ ಇಬ್ಬರೂ ಇಳಿಯುತ್ತೇವೆ, ಚಪ್ಪಲಿಯನ್ನು ಯಾರೂ ಕಾಯುವುದಿಲ್ಲ. ಯುಗಾದಿಗೆ ಸುಣ್ಣ ಹೊಡೆಸಿದ ಗೋಡೆ ಇನ್ನೂ ಬೆಳ್ಳಗಿದೆ. ಊಟಕ್ಕೆ ಕೂತಾಗ ಅವಳು ಈಗ ಉಪ್ಪು ಸರಿ ಇದೆಯೇ ಎಂದು ಕೇಳುವುದಿಲ್ಲ. ಸೌಟು ಹಿಡಿದುಕೊಂಡು, "ಎಷ್ಟು ಪರ್ಸೆಂಟ್?" ಎನ್ನುತ್ತಾಳೆ. ನಾನು ಬಾಯಿಗೆ ಇಟ್ಟುಕೊಂಡು, ನುಂಗಿ, ಆಮೇಲೆ ಉತ್ತರ ಹೇಳುತ್ತೇನೆ.